ಗೋಕಾವಿಯ ಹಣ್ಣು, ಅರಭಾವಿಯ ತೋಟ

1908ರ ಇಂಪೀರಿಯಲ್ ಗೆಜೆಟಿಯರ್‌ನಲ್ಲಿ ಗೋಕಾಕದ ಕಸುಬುಗಳಿಗೆ ಸಿಕ್ಕಿರುವುದು ಕೆಲವೇ ಸಾಲು. ಬಣ್ಣ ಹಾಕುವ, ನೇಯುವ ಕೆಲಸ ಹಿಂದೆ ಇಲ್ಲಿ ದೊಡ್ಡದಾಗಿತ್ತು. ಒರಟು ಕಾಗದ ಆಗ ಅಲ್ಪಸ್ವಲ್ಪ ತಯಾರಾಗುತ್ತಿತ್ತು. ಹಗುರ ಮರ ಮತ್ತು ಮಣ್ಣಿನಿಂದ ಮಾಡುವ ಆಕೃತಿಗಳಿಗೂ ಹಣ್ಣುಗಳಿಗೂ ಊರು ಹೆಸರಾಗಿದೆ ಎಂದು ಅದು ದಾಖಲಿಸುತ್ತದೆ. ಈ ಮೂರರಲ್ಲಿ ಬಟ್ಟೆ ಗಿರಣಿಯ ಪಾಲಾಯಿತು. ಘಟಪ್ರಭೆ 52 ಮೀಟರ್ ಆಳಕ್ಕೆ ಧುಮುಕುವ ಜಾಗದಲ್ಲೇ 1880ರ ದಶಕದಲ್ಲಿ ಹತ್ತಿಯ ಗಿರಣಿ ಎದ್ದಿತು, ನೀರಿನ ಬಲದಿಂದ ಯಂತ್ರ ತಿರುಗಿತು. ಕೈಕಾಗದ ಬಳಕೆಯಿಂದಲೇ ಹೋಯಿತು. ಉಳಿದುಕೊಂಡದ್ದು ಗೊಂಬೆಯ ಕಸುಬು. ಗೋಕಾವಿ, ಅಂದರೆ ಗೋಕಾಕ ನಾಡಿನ ಈ ಕಸುಬನ್ನು ನಾನು ಇಲ್ಲಿ ಕಲಾಶಾಲೆಗೆ ಸಮನಾಗಿ ಇಟ್ಟು ಪರಿಚಯಿಸುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ಪಿಯುಸಿ ಮುಗಿಸುವ ಮಕ್ಕಳಿರುವ ಮನೆಗಳಲ್ಲಿ ಈಗ ವೈದ್ಯಕೀಯ, ಇಂಜಿನಿಯರಿಂಗ್ ಜೊತೆ ಡಿಸೈನ್ ಎಂಬ ಮಾತೂ ಕೇಳಿಬರುತ್ತಿದೆ. ಹುಕ್ಕೇರಿಯಿಂದಲೋ ಮೂಡಲಗಿಯಿಂದಲೋ ಹೊರಟ ಹುಡುಗಿ ಅದನ್ನು ಕಲಿಯಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತುತ್ತಾಳೆ. ಅಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶಾಖೆಯಿದೆ, ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಇದೆ, ಖಾಸಗಿ ಕಾಲೇಜುಗಳು ಸಾಕಷ್ಟಿವೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಇನ್ನಷ್ಟು ಹತ್ತಿರ ಬೇಕೆಂದರೆ ದಾವಣಗೆರೆ. ಅಲ್ಲಿ 1964ರಲ್ಲಿ ಶುರುವಾದ ಕಲಾಶಾಲೆ ಇಂದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿ ಚಿತ್ರಕಲೆ, ಶಿಲ್ಪ, ಅನ್ವಯಿಕ ಕಲೆ ಕಲಿಸುತ್ತಿದೆ. ಮಧ್ಯ ಕರ್ನಾಟಕದ ಮತ್ತು ಉತ್ತರದ ಎಷ್ಟೋ ಚಿತ್ರಕಲಾ ಮಾಸ್ತರರು, ಜಾಹೀರಾತು ಕಲಾವಿದರು ತಯಾರಾದದ್ದು ಇಂಥ ಸರ್ಕಾರಿ ಕಲಾಶಾಲೆಗಳಲ್ಲಿ. ಕಡಿಮೆ ಶುಲ್ಕದಲ್ಲಿ ಹಳ್ಳಿಯ ಮಕ್ಕಳ ಕೈಗೆ ಕುಂಚ ಕೊಟ್ಟದ್ದು ಅವುಗಳ ದೊಡ್ಡ ಸಾಧನೆ.

ಇಂಥ ಎಲ್ಲ ಕಾಲೇಜುಗಳ ಮೊದಲ ವರ್ಷದ ಪಾಠ ಹೆಚ್ಚುಕಡಿಮೆ ಒಂದೇ: ನೋಡುವುದು, ರೂಪ ಹಿಡಿಯುವುದು, ಬಣ್ಣ ಬೆರೆಸುವುದು, ವಸ್ತುವಿನ ಗುಣ ಅರಿಯುವುದು. ಗೋಕಾಕದಲ್ಲಿ ಗೊಂಬೆ ಮಾಡುವ ಜೀನಗಾರ ಮನೆತನಗಳಲ್ಲಿ ಈ ನಾಲ್ಕೂ ಪಾಠಗಳು ಅಪ್ಪನ ಪಕ್ಕದಲ್ಲಿ ಕೂತು ಕಲಿತಂಥವು.

ಹಣ್ಣನ್ನೇ ನೋಡಿ. ಗೋಕಾಕದ ಹೆಚ್ಚುಗಾರಿಕೆ ಇರುವುದು ಅಲ್ಲಿ. ದೇವರ ಮೂರ್ತಿ, ಪ್ರಾಣಿ, ಪಕ್ಷಿ, ಹಳ್ಳಿಯ ಗಂಡಸು ಹೆಂಗಸರ ಗೊಂಬೆಗಳನ್ನು ನಾಡಿನ ಬೇರೆ ಕಡೆಯೂ ಮಾಡುತ್ತಾರೆ. ಆದರೆ ನಿಜದ ಗಾತ್ರದಲ್ಲಿ, ನಿಜದ ಬಣ್ಣದಲ್ಲಿ ಕಾಯಿಪಲ್ಲೆ ಮತ್ತು ಹಣ್ಣು ಮಾಡಿ ಹೆಸರು ಗಳಿಸಿದ ಊರು ಕರ್ನಾಟಕದಲ್ಲಿ ಇದು. ಮಾವಿನಹಣ್ಣು ಮೇಲುನೋಟಕ್ಕೆ ಸುಲಭ. ಹಳದಿ ಬಳಿದರೆ ಮುಗಿಯಿತು ಅನ್ನಿಸುತ್ತದೆ. ನಿಜವಾದ ಮಾವು ಹಾಗೆ ಹಣ್ಣಾಗುವುದಿಲ್ಲ. ತೊಟ್ಟಿನ ಸುತ್ತ ಹಸಿರು ಉಳಿದಿರುತ್ತದೆ, ಬಿಸಿಲು ಬಿದ್ದ ಭುಜದ ಮೇಲೆ ಕೆಂಪು ಏರಿರುತ್ತದೆ, ಮೂತಿಯ ಕಡೆ ಹಳದಿ ಗಾಢವಾಗಿರುತ್ತದೆ. ಈ ಮೂರು ಬಣ್ಣ ಎಲ್ಲಿ ಕೂಡುತ್ತವೆ ಎನ್ನುವುದು ಕಾಣದಂತೆ ಕೂಡಿಸಬೇಕು. ಬದನೆಕಾಯಿಯ ನೇರಳೆ ಬಣ್ಣ ಕಪ್ಪಿಗೆ ತಿರುಗಿದರೆ ಹಳೆಯ ಕಾಯಾಗುತ್ತದೆ, ಕೆಂಪಿಗೆ ತಿರುಗಿದರೆ ಬೇರೆ ಏನೋ ಆಗುತ್ತದೆ. ಅದರ ತೊಟ್ಟಿನ ಹಸಿರು ಟೊಪ್ಪಿಗೆ ಕಾಯಿಯನ್ನು ಬಿಗಿಯಾಗಿ ಅಪ್ಪಿರಬೇಕು, ತುದಿ ಮಾತ್ರ ಚೂರು ಎದ್ದಿರಬೇಕು. ಹಾಗಲಕಾಯಿಯ ಗಂಟುಗಳು ಒಂದೇ ಅಳತೆಯಲ್ಲಿ ಸಾಲಾಗಿ ಬಂದರೆ ಅದು ಯಂತ್ರದ ಕೆಲಸವೆಂದು ಮಗುವಿಗೂ ಗೊತ್ತಾಗುತ್ತದೆ. ಸೀತಾಫಲ ಎಲ್ಲಕ್ಕಿಂತ ಕಷ್ಟ. ಅದರ ಕಣ್ಣುಗಳ ನಡುವಿನ ಸಂದಿನಲ್ಲಿ ಬಿಳಿಯ ಛಾಯೆ ಇರುತ್ತದೆ, ಕಣ್ಣಿನ ಮೇಲೆ ಹಸಿರು, ಅಲ್ಲಲ್ಲಿ ಕಂದು. ಇಷ್ಟನ್ನೂ ಸಣ್ಣ ಕುಂಚದಿಂದ ಹಿಡಿಯಬೇಕು.

ಇದನ್ನು ಕಲಿಸುವ ಪುಸ್ತಕವಿಲ್ಲ, ಸಂತೆಯಿದೆ. ಸಂಕೇಶ್ವರದ ಸೀಮೆಯ ಮೆಣಸಿನಕಾಯಿ, ನದಿ ದಂಡೆಯ ಕಬ್ಬು, ಕಾಲುವೆ ನೀರಿನಲ್ಲಿ ಬೆಳೆದ ತರಕಾರಿ ಈ ಸೀಮೆಯ ಸಂತೆಗಳಿಗೆ ಬರುತ್ತವೆ. ಘಟಪ್ರಭೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಿಂದ ಹೊರಟು, ಧೂಪದಾಳ ದಾಟಿ, ಗೋಕಾಕದಲ್ಲಿ ಧುಮುಕಿ, ಮುಂದೆ ಮೂಡಲಗಿ ಕಡೆಯ ಹೊಲಗಳನ್ನು ತೋಯಿಸುತ್ತದೆ. ಗೊಂಬೆ ಮಾಡುವವನಿಗೆ ಮಾದರಿ ಒದಗಿಸುವುದು ಈ ನೀರು ಬೆಳೆಸಿದ ಬೆಳೆ.

ರೂಪ ಹಿಡಿಯುವ ಅಭ್ಯಾಸ ಈ ನಾಡಿನಲ್ಲಿ ಒಂದು ಮನೆತನಕ್ಕೆ ಸೀಮಿತವೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಎತ್ತು ಮಾಡುತ್ತಾರೆ. ಎರಡು ಕೋಡು, ಒಂದು ಹಿಣಿಲು, ಅಷ್ಟರಲ್ಲೇ ಎತ್ತಿನ ಠೀವಿ ಬರಬೇಕು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಕಾಳಿನಿಂದ ಸಿಂಗರಿಸುತ್ತಾರೆ. ಭಾದ್ರಪದಕ್ಕೆ ಮಣ್ಣಿನ ಜೋಕುಮಾರ ಬರುತ್ತಾನೆ. ಗೌರಿ ಹುಣ್ಣಿಮೆಗೆ ಮರದ ಅಚ್ಚಿನಲ್ಲಿ ಸಕ್ಕರೆ ಆರತಿ ಇಳಿಯುತ್ತದೆ: ಆನೆ, ಒಂಟೆ, ತೇರು, ಗಿಳಿ. ಆ ಅಚ್ಚನ್ನು ಕೆತ್ತುವವನು ಗೊಂಬೆಯನ್ನು ತಿರುವುಮುರುವಾಗಿ, ಉಬ್ಬಿದ್ದನ್ನು ತಗ್ಗಾಗಿ ಯೋಚಿಸಬೇಕು. ಇನ್ನು ಗ್ರಾಮದೇವತೆಯ ಜಾತ್ರೆಗೆ ಮೊದಲು ಮರದ ದ್ಯಾಮವ್ವ ಬಣ್ಣಕ್ಕೆ, ಅಂದರೆ ಹೊಸದಾಗಿ ಬಣ್ಣ ಹಚ್ಚಿಸಿಕೊಳ್ಳಲು, ಹೋಗುವುದು ಈ ಭಾಗದ ಎಲ್ಲರಿಗೂ ಗೊತ್ತಿರುವ ಸಂಗತಿ. ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಕಟ್ಟಿದ ತಮ್ಮಣ್ಣನ ಕುಲಗೋಡವೂ ಈ ನಾಡಿನದೇ. ಸತ್ಯಭಾಮೆಯ ಜಡೆ, ಕೃಷ್ಣನ ಕಿರೀಟ, ಆಟದ ಬಣ್ಣಗಳನ್ನೆಲ್ಲ ನೋಡಿ ಬೆಳೆದ ಕಣ್ಣುಗಳು ಇವು.

ನಮ್ಮ ರಾಜ್ಯದ ಗೊಂಬೆ ಎಂದರೆ ಜನ ಚನ್ನಪಟ್ಟಣ ಎನ್ನುತ್ತಾರೆ, ಬಲ್ಲವರು ಕಿನ್ನಾಳವನ್ನೂ ಸೇರಿಸುತ್ತಾರೆ. ಎರಡಕ್ಕೂ ಭೌಗೋಳಿಕ ಗುರುತಿನ ಮನ್ನಣೆ ಇದೆ. ಚನ್ನಪಟ್ಟಣದವರು ಹಾಲೆಮರವನ್ನು ಯಂತ್ರದಲ್ಲಿ ತಿರುಗಿಸಿ ಅರಗಿನ ಬಣ್ಣ ಕೊಡುತ್ತಾರೆ. ದುಂಡಗಿನ ಆಕಾರ ಅವರ ಬಲ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರದ ತುಂಡುಗಳನ್ನು ಜೋಡಿಸಿ, ಮರದ ಪುಡಿ ಮತ್ತು ಹುಣಸೆ ಬೀಜದ ಅಂಟು ಕಲೆಸಿದ ಕಿಟ್ಟವನ್ನು ಮೆತ್ತಿ ರೂಪ ತಿದ್ದಿ ಬಣ್ಣ ಹಚ್ಚುತ್ತಾರೆ. ದೇವರ ವೈಭವ ಅವರ ಬಲ. ಗೋಕಾಕದ ಬಲ ನೈಜತೆ. ಘಟ್ಟದ ಆಚೆ ಸಾವಂತವಾಡಿಯಲ್ಲೂ ಮರದ ಹಣ್ಣುಗಳಿವೆ. ಅಲ್ಲಿ 1970ರ ದಶಕದಲ್ಲಿ ಅರಮನೆಯವರೇ ಮುಂದೆ ನಿಂತು, ಸಾಯುತ್ತಿದ್ದ ಗಂಜೀಫಾ ಇಸ್ಪೀಟು ಎಲೆಗಳ ಕಲೆಯನ್ನು ಬದುಕಿಸಿದರು. ಗೋಕಾಕಕ್ಕೆ ಅಂಥ ಆಸರೆ ಸಿಗಲಿಲ್ಲ. ಈಗಿನ ಕಾಲದಲ್ಲಿ ಅರಮನೆಯ ಜಾಗದಲ್ಲಿ ನಿಲ್ಲಬೇಕಾದದ್ದು ವಿಶ್ವವಿದ್ಯಾಲಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾರತದಲ್ಲಿ ವಿನ್ಯಾಸ ಶಿಕ್ಷಣ ಶುರುವಾದದ್ದೇ ಇಂಥ ನಂಬಿಕೆಯಿಂದ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಭಾರತದಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ಬಹುವಾಗಿ ಮೆಚ್ಚಿದ್ದು ನೀರಿನ ಲೋಟಾವನ್ನು. ಹೆಸರಿಲ್ಲದ ಎಷ್ಟೋ ಕೈಗಳು ತಲೆಮಾರುಗಳ ಕಾಲ ತಿದ್ದಿದ ರೂಪ ಅದು ಎಂದು ಗುರುತಿಸಿದರು. ಆ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದಿನ ಸಂಸ್ಥೆ ಹುಟ್ಟಿತು. ಅಲ್ಲಿನ ವಿದ್ಯಾರ್ಥಿಗಳು ಕುಶಲಕರ್ಮಿಗಳ ಊರಿಗೆ ಹೋಗಿ, ಜೊತೆಗಿದ್ದು, ಕಸುಬನ್ನು ದಾಖಲಿಸುವುದು ಓದಿನ ಭಾಗವೇ ಆಯಿತು.

ಅಂಥ ಕೆಲಸ ಇಲ್ಲೂ ಆಗಬಹುದು. ಗೋಕಾಕದ ಜಿಲ್ಲಾಕೇಂದ್ರವಾದ ಬೆಳಗಾವಿಯಲ್ಲಿ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳಿವೆ. 1998ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಒಂದು, 2010ರ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇನ್ನೊಂದು. ಗೊಂಬೆಯ ಓಣಿಗೆ ಇನ್ನೂ ಹತ್ತಿರದಲ್ಲಿ, ಅರಭಾವಿಯಲ್ಲಿ, ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ತೆಕ್ಕೆಗೆ ಬಂದ ಕಾಲೇಜು ಅದು. ಒಂದು ಕಡೆ ಹಣ್ಣು ಬೆಳೆಯುವ ವಿದ್ಯೆ, ಕೆಲವೇ ಮೈಲಿ ಆಚೆ ಹಣ್ಣಿನ ರೂಪ ಹಿಡಿಯುವ ವಿದ್ಯೆ. ಇವೆರಡೂ ಕೂಡಿದರೆ ಏನಾಗಬಹುದು ಎನ್ನುವುದಕ್ಕೆ ಇಟಲಿಯಲ್ಲಿ ಸಾಕ್ಷಿಯಿದೆ. ತೂರಿನ್ ಪಟ್ಟಣದ ಹಣ್ಣಿನ ವಸ್ತುಸಂಗ್ರಹಾಲಯದಲ್ಲಿ ಫ್ರಾಂಚೆಸ್ಕೊ ಗಾರ್ನಿಯೆ ವಲ್ಲೆತ್ತಿ ಎಂಬ ಕಲಾವಿದ 19ನೇ ಶತಮಾನದಲ್ಲಿ ಮಾಡಿದ ಸಾವಿರಕ್ಕೂ ಹೆಚ್ಚು ಕೃತಕ ಹಣ್ಣುಗಳಿವೆ: ಸೇಬು, ಪೇರು, ಪೀಚ್, ದ್ರಾಕ್ಷಿ, ಒಂದೊಂದರಲ್ಲೂ ಹತ್ತಾರು ತಳಿ. ಒಣಗಿಸಿಟ್ಟ ಹಣ್ಣು ಬಣ್ಣ, ಗಾತ್ರ ಎರಡನ್ನೂ ಕಳೆದುಕೊಳ್ಳುತ್ತದೆ. ಕೈಯಲ್ಲಿ ಮಾಡಿದ ಮಾದರಿ ಉಳಿಸಿಕೊಳ್ಳುತ್ತದೆ. ತೋಟದಿಂದ ಮರೆಯಾದ ತಳಿಗಳ ನೆನಪು ಅಲ್ಲಿ ರೂಪದಲ್ಲಿ, ಬಣ್ಣದಲ್ಲಿ ಉಳಿದಿದೆ.

ನಮ್ಮಲ್ಲೂ ತಳಿಗಳು ಮರೆಯಾಗುತ್ತಿವೆ. ಒಂದೊಂದು ಊರಿಗೂ ಒಂದೊಂದು ಬದನೆ ಇತ್ತು, ಒಂದೊಂದು ಸೌತೆ ಇತ್ತು. ಹೈಬ್ರಿಡ್ ಬೀಜದ ಪೊಟ್ಟಣ ಬಂದ ಮೇಲೆ ಅವುಗಳ ಹೆಸರುಗಳು ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿವೆ. ಅರಭಾವಿಯ ತಜ್ಞರು ತಳಿ ಗುರುತಿಸಿ ಕೊಟ್ಟು, ಗೋಕಾಕದ ಕಲಾವಿದರು ಅದರ ಮಾದರಿ ಮಾಡಿ, ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಗಳು ಪ್ರದರ್ಶನ ರೂಪಿಸಿದರೆ ಉತ್ತರ ಕರ್ನಾಟಕಕ್ಕೆ ತನ್ನದೇ ಹಣ್ಣು ಕಾಯಿಗಳ ಸಂಗ್ರಹಾಲಯ ಸಿಗುತ್ತದೆ. ಗೊಂಬೆ ಮಾಡುವವರಿಗೆ ವರ್ಷಪೂರ್ತಿ ಕೆಲಸವಾಗುತ್ತದೆ. ಕನ್ನಡ ಶಾಲೆಗಳಿಗೆ ಪಾಠೋಪಕರಣ ಆಗುತ್ತದೆ. ಅಂಗನವಾಡಿಯ ಮಗು ಪ್ಲಾಸ್ಟಿಕ್ ಸೇಬನ್ನು ಬಿಟ್ಟು ತನ್ನೂರಿನ ಪೇರಲಹಣ್ಣನ್ನು ಕೈಯಲ್ಲಿ ಹಿಡಿಯುತ್ತದೆ.

ಇದಕ್ಕೆ ಬೇಕಾದ ಸರ್ಕಾರಿ ದಾರಿಗಳು ತೆರೆದಿವೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಸಾಂಪ್ರದಾಯಿಕ ಗೊಂಬೆ ತಯಾರಿಕೆಯೂ ಒಂದು. ತರಬೇತಿ ಕಾಲದ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಎರಡು ಕಂತಿನಲ್ಲಿ ಒಟ್ಟು 3 ಲಕ್ಷದವರೆಗೆ ಶೇ 5ರ ಬಡ್ಡಿಯ ಸಾಲ ಅದರಲ್ಲಿವೆ. 2021ರ ಜನವರಿಯಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದರೂ, ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳ ಗೊಂಬೆಗಳಿಗೆ ಅದರಿಂದ ವಿನಾಯಿತಿ ಇದೆ. ಆದ್ದರಿಂದ ಕುಶಲಕರ್ಮಿಯ ಗುರುತಿನ ಚೀಟಿ ಮಾಡಿಸಿಕೊಳ್ಳುವುದು ಪ್ರತಿ ಮನೆಯೂ ಮೊದಲು ಮಾಡಬೇಕಾದ ಕೆಲಸ. ಅರ್ಜಿ ತುಂಬುವ, ಬೆಲೆ ಕಟ್ಟುವ, ಪೊಟ್ಟಣ ರೂಪಿಸುವ, ದೂರದ ಗಿರಾಕಿಗೆ ಕಳಿಸುವ ಕೆಲಸದಲ್ಲಿ ಡಿಸೈನ್ ಕಲಿತ ಹುಡುಗ ಹುಡುಗಿಯರು ನೆರವಾಗಬಲ್ಲರು. ಬದಲಿಗೆ ಅವರು ಸೀತಾಫಲದ ಬಿಳಿ ಛಾಯೆ ಹಿಡಿಯುವುದನ್ನು ಕಲಿಯಲಿ.

ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಗೋಕಾಕದ ಕಲಾವಿದರನ್ನು ಅತಿಥಿ ಗುರುಗಳೆಂದು ಕರೆದು, ಗೌರವಧನ ಕೊಟ್ಟು, ಆರು ತಿಂಗಳ ಒಂದು ಸರ್ಟಿಫಿಕೇಟ್ ಕೋರ್ಸ್ ನಡೆಸಲಿ. ಹುಕ್ಕೇರಿ, ಮೂಡಲಗಿಯ ಮಕ್ಕಳು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರದಲ್ಲಿ ಅದು ಇರಲಿ. ಓದುಗರಲ್ಲಿ ನನ್ನದೊಂದು ಕೇಳಿಕೆ: ಜಲಪಾತ ನೋಡಲು ಗೋಕಾಕಕ್ಕೆ ಹೋದಾಗ ಕರದಂಟಿನ ಅಂಗಡಿಯಲ್ಲೇ ನಿಲ್ಲಬೇಡಿ. ಗೊಂಬೆ ಮಾಡುವವರ ಮನೆ ಕೇಳಿಕೊಂಡು ಹೋಗಿ, ಕೆಲಸ ನೋಡಿ, ಒಂದು ಬುಟ್ಟಿ ಹಣ್ಣು ಕೊಳ್ಳಿ. ಅವರು ಹೇಳಿದ ಬೆಲೆಯನ್ನೇ ಕೊಡಿ.