ಎದುರುಗಾಳಿಯಲ್ಲಿ ಮೂಡಣಕ್ಕೆ: ಸಮೋವಾದಿಂದ ತಹೀತಿಗೆ ಹಾಯಿದೋಣಿಯ ದಾರಿ

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಿಂದ ತಹೀತಿ ಸುಮಾರು 2,300 ಕಿಲೋಮೀಟರ್ ದೂರ. ದಿಕ್ಕು ಪೂರ್ವ, ತುಸು ದಕ್ಷಿಣಕ್ಕೆ ವಾಲಿದೆ. ವರ್ಷದ ಬಹುಪಾಲು ಅಲ್ಲಿ ಗಾಳಿ ಬೀಸುವುದೂ ಪೂರ್ವ ಮತ್ತು ಆಗ್ನೇಯದಿಂದಲೇ. ಸಮಭಾಜಕದ ಬಳಿ ಕಾದ ಗಾಳಿ ಮೇಲೇರುತ್ತದೆ, ಆ ಕಡೆಗೆ ಉಪೋಷ್ಣವಲಯದ ಗಾಳಿ ಹರಿದು ಬರುತ್ತದೆ, ಭೂಮಿ ತಿರುಗುವುದರಿಂದ ಅದು ಪಶ್ಚಿಮಕ್ಕೆ ವಾಲುತ್ತದೆ. ಇದೇ ವಾಣಿಜ್ಯ ಮಾರುತ. ಸಮುದ್ರದ ಮೇಲ್ಪದರದ ನೀರೂ ಅದರ ಜೊತೆಯಲ್ಲೇ ಪಶ್ಚಿಮಕ್ಕೆ ಹರಿಯುತ್ತದೆ. ಹೀಗಾಗಿ ಮೂಡಣಕ್ಕೆ ಹೊರಟ ಹಾಯಿದೋಣಿಗೆ ಗಾಳಿ, ಅಲೆ, ಪ್ರವಾಹ ಮೂರೂ ಎದುರು.

ಪಾಲಿನೇಷ್ಯದ ಜನ ಬಂದದ್ದು ಮಾತ್ರ ಪಶ್ಚಿಮದಿಂದ. ಅವರ ಭಾಷೆಗಳ ಬೇರು ಆಗ್ನೇಯ ಏಷ್ಯಾದ ಕಡೆಗಿದೆ. ಅವರು ದೋಣಿಯಲ್ಲಿ ಹೊತ್ತು ತಂದ ಹಂದಿ, ಕೋಳಿ, ಬಾಳೆ, ಕೆಸುವಿನ ಗಡ್ಡೆಗಳೂ ಆ ಕಡೆಯವೇ. ಇಷ್ಟಿದ್ದರೂ ನಾರ್ವೆಯ ಥಾರ್ ಹೆಯರ್‌ಡಾಲ್ ಎದುರುಗಾಳಿಯನ್ನೇ ಮುಂದಿಟ್ಟು, ಆ ಜನ ದಕ್ಷಿಣ ಅಮೆರಿಕದಿಂದ ಗಾಳಿಯ ಜೊತೆ ತೇಲಿ ಬಂದವರೆಂದು ವಾದಿಸಿದರು. 1947ರಲ್ಲಿ ಕಾನ್-ಟಿಕಿ ಎಂಬ ತೆಪ್ಪದಲ್ಲಿ ಪೆರುವಿನಿಂದ ಹೊರಟು 101 ದಿನಗಳಲ್ಲಿ ರರೋಯಾ ಹವಳದ್ವೀಪವನ್ನು ಮುಟ್ಟಿದರು. ಅದು ಎದೆಗಾರಿಕೆಯ ಯಾನ, ಸಂಶಯವಿಲ್ಲ. ಆದರೆ ತೆಪ್ಪ ತೇಲುತ್ತದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ಪಾಲಿನೇಷ್ಯದವರ ದೋಣಿ ತೆಪ್ಪವಾಗಿರಲಿಲ್ಲ.

ಆ ದೋಣಿಯಲ್ಲಿ ಉದ್ದನೆಯ, ಕಿರಿದಾದ ಎರಡು ಒಡಲುಗಳು ಪಕ್ಕಪಕ್ಕದಲ್ಲಿರುತ್ತವೆ. ಅಡ್ಡತೊಲೆಗಳು ಅವನ್ನು ಜೋಡಿಸುತ್ತವೆ, ತೊಲೆಗಳ ಮೇಲೆ ಅಟ್ಟಣೆ. ಕಟ್ಟೆಲ್ಲ ಹಗ್ಗದ್ದು, ಮೊಳೆ ಇಲ್ಲ. ಅಲೆ ಬಡಿದಾಗ ದೋಣಿ ತುಸು ಬಳುಕಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಒಡಲುಗಳ ನಡುವಿನ ಅಂತರವೇ ಮಗುಚದಂತೆ ಕಾಯುವುದರಿಂದ ತಳದಲ್ಲಿ ಭಾರ ಹೇರಬೇಕಿಲ್ಲ.

ಗಾಳಿ ಹಿಂದಿನಿಂದ ಬಂದರೆ ಹಾಯಿಯನ್ನು ಸುಮ್ಮನೆ ತಳ್ಳುತ್ತದೆ. ಎದುರಿನಿಂದ ಓರೆಯಾಗಿ ಬಂದಾಗ ಹಾಯಿ ವಿಮಾನದ ರೆಕ್ಕೆಯ ಕೆಲಸ ಮಾಡಬೇಕು. ಬಾಗಿದ ಹಾಯಿ ಗಾಳಿಯ ದಿಕ್ಕನ್ನು ತಿರುಗಿಸುತ್ತದೆ. ಹೊರಮೈಯಲ್ಲಿ ಒತ್ತಡ ಇಳಿದು ಹಾಯಿ ಆ ಕಡೆಗೆ ಸೆಳೆಯಲ್ಪಡುತ್ತದೆ. ಈ ಸೆಳೆತದ ಹೆಚ್ಚಿನ ಪಾಲು ದೋಣಿಯನ್ನು ಪಕ್ಕಕ್ಕೆ ನೂಕುವಂಥದ್ದು, ಮುಂದಕ್ಕೆ ಎಳೆಯುವ ಪಾಲು ಅಲ್ಪ. ನೀರಿನಲ್ಲಿ ಮುಳುಗಿರುವ ಉದ್ದನೆಯ ಒಡಲು ಪಕ್ಕದ ನೂಕನ್ನು ತಡೆಯುತ್ತದೆ. ಆಗ ನೆನೆಸಿದ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಚಿಮ್ಮುವ ಹಾಗೆ, ಗಾಳಿ ಮತ್ತು ನೀರಿನ ನಡುವೆ ಸಿಕ್ಕ ದೋಣಿ ಮುಂದಕ್ಕೆ ಜಾರುತ್ತದೆ. ಇಂದಿನ ಯಾಟ್‌ಗಳಿಗೆ ತಳದಲ್ಲಿ ಆಳಕ್ಕಿಳಿದ ಕೀಲ್ ಇರುವುದರಿಂದ ತಡೆ ಬಲವಾಗಿರುತ್ತದೆ. ಗಾಳಿಯ ದಿಕ್ಕಿನಿಂದ ಸುಮಾರು 45 ಡಿಗ್ರಿಯಷ್ಟು ಹತ್ತಿರಕ್ಕೆ ಅವು ಹೋಗಬಲ್ಲವು. ಪಾಲಿನೇಷ್ಯದ ದೋಣಿಗೆ ಕೀಲ್ ಇಲ್ಲ.

ಅದು ಎಷ್ಟು ಹತ್ತಿರ ಹೋಗಬಲ್ಲದು? ಮಾನವಶಾಸ್ತ್ರಜ್ಞ ಬೆನ್ ಫಿನ್ನಿ ಜೋಡಿ ಒಡಲಿನ ದೋಣಿಯೊಂದನ್ನು ಕಟ್ಟಿಸಿ 1966ರಲ್ಲಿ ಹವಾಯಿಯಲ್ಲಿ ಓಡಿಸಿ ನೋಡಿದರು. ಉತ್ತರ ಸುಮಾರು 75 ಡಿಗ್ರಿ. ಲೆಕ್ಕ ಹಾಕಿದರೆ ಇದರ ಕಷ್ಟ ಕಣ್ಣಿಗೆ ಕಟ್ಟುತ್ತದೆ. ನೇರ ಎದುರುಗಾಳಿಯಲ್ಲಿ ಯಾವ ಹಾಯಿದೋಣಿಯೂ ಸಾಗಲಾರದು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಓರೆಯಾಗಿ ಓಡಬೇಕು. 45 ಡಿಗ್ರಿಯ ಯಾಟ್ 100 ಕಿ.ಮೀ. ಮುಂದೆ ಹೋಗಲು ಸುಮಾರು 141 ಕಿ.ಮೀ. ಓಡುತ್ತದೆ. 75 ಡಿಗ್ರಿಯ ದೋಣಿಗೆ ಬೇಕಾದದ್ದು ಸುಮಾರು 386 ಕಿ.ಮೀ. ಆ ಪ್ರಕಾರ ಸಮೋವಾದಿಂದ ತಹೀತಿಗೆ ಹೆಚ್ಚುಕಡಿಮೆ 9,000 ಕಿ.ಮೀ. ಓಡಬೇಕು. ಪ್ರವಾಹ ಹಿಂದಕ್ಕೆ ಎಳೆಯುವುದು ಈ ಲೆಕ್ಕದಲ್ಲಿ ಸೇರಿಲ್ಲ. ಮಕ್ಕಳು, ಸಸಿಗಳು, ಪ್ರಾಣಿಗಳನ್ನು ಹೊತ್ತ ತೆರೆದ ದೋಣಿಗೆ ಅಷ್ಟು ದೂರಕ್ಕೆ ನೀರು, ಆಹಾರ ಸಾಲುವುದು ಅಸಾಧ್ಯವೆಂದೇ ಹೇಳಬೇಕು.

ಹಾಗಿದ್ದರೆ ಅವರು ಹೋದದ್ದು ಹೇಗೆ? ಉತ್ತರವನ್ನು 1769ರಲ್ಲೇ ಒಬ್ಬರು ಹೇಳಿದ್ದರು. ಜೇಮ್ಸ್ ಕುಕ್‌ನ ಹಡಗನ್ನೇರಿದ ರಾಯಾಟೇಯಾ ದ್ವೀಪದ ಟುಪಾಯಾ ಮಹಾ ನಾವಿಕ. ನವೆಂಬರ್‌ನಿಂದ ಜನವರಿಯವರೆಗೆ ಮಳೆಯೊಡನೆ ಪಶ್ಚಿಮದ ಗಾಳಿ ಬೀಸುತ್ತದೆ ಎಂದು ಆತ ತಿಳಿಸಿದ; ಕುಕ್ ಅದನ್ನು ದಿನಚರಿಯಲ್ಲಿ ದಾಖಲಿಸಿದ. ದಕ್ಷಿಣಾರ್ಧದ ಬೇಸಿಗೆಯಲ್ಲಿ ಪಶ್ಚಿಮದ ಗಾಳಿ ಆಗಾಗ ಮಧ್ಯ ಪೆಸಿಫಿಕ್‌ವರೆಗೂ ಚಾಚುತ್ತದೆ, ಎಲ್ ನಿನ್ಯೋ ವರ್ಷಗಳಲ್ಲಿ ಇನ್ನೂ ದೂರ. ಅಂದರೆ ಎದುರುಗಾಳಿಯನ್ನು ಸೀಳಿಕೊಂಡು ಹೋಗಬೇಕಿರಲಿಲ್ಲ, ಅದು ತಿರುಗುವವರೆಗೆ ಕಾಯಬೇಕಿತ್ತು. ಸ್ವತಃ ಕಡಲಾಡಿದವನ ಈ ಮಾತಿಗೆ ವಿದ್ವಾಂಸರು ಬಹುಕಾಲ ತಕ್ಕ ತೂಕ ಕೊಡಲಿಲ್ಲ.

ಅದನ್ನು ಪರೀಕ್ಷಿಸಿದ್ದು ಹೋಕೂಲೇಅ. 1975ರಲ್ಲಿ ನೀರಿಗಿಳಿದ, 62 ಅಡಿ ಉದ್ದದ ಈ ದೋಣಿಯ ಒಡಲು ಪ್ಲೈವುಡ್ ಮತ್ತು ಫೈಬರ್‌ಗ್ಲಾಸ್‌ನದಾದರೂ ಆಕಾರ, ಹಾಯಿ, ಕಟ್ಟು ಹಳೆಯ ಮಾದರಿಯವು. 1976ರಲ್ಲಿ ಸಟವಾಲ್ ದ್ವೀಪದ ಮೌ ಪಿಯೈಲುಗ್ ಉಪಕರಣಗಳಿಲ್ಲದೆ ಅದನ್ನು ಹವಾಯಿಯಿಂದ ತಹೀತಿಗೆ ನಡೆಸಿದ್ದರು. ಆದರೆ ಆ ದಾರಿ ಬಹುಮಟ್ಟಿಗೆ ಗಾಳಿಗೆ ಅಡ್ಡ. ನಿಜವಾದ ಎದುರು ದಾರಿಯ ಸರದಿ ಬಂದದ್ದು 1986ರಲ್ಲಿ. ದಾರಿ ತೋರಿದವರು ನೈನೋಆ ಥಾಂಪ್ಸನ್.

ಬೇಸಿಗೆಯ ಪಶ್ಚಿಮ ಗಾಳಿಯ ಜೊತೆಗೆ ಚಂಡಮಾರುತದ ಭಯವೂ ಇರುತ್ತದೆ. ಆದ್ದರಿಂದ ತಂಡ ಚಳಿಗಾಲವನ್ನು, ಅಂದರೆ ವಾಣಿಜ್ಯ ಮಾರುತ ಗಟ್ಟಿಯಾಗಿರುವ ಕಾಲವನ್ನು ಆರಿಸಿಕೊಂಡಿತು. ಆಗಲೂ ಕಡಿಮೆ ಒತ್ತಡದ ಪಟ್ಟಿಗಳು ದಕ್ಷಿಣದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತಿರುತ್ತವೆ. ಪಟ್ಟಿಯೊಂದು ಹತ್ತಿರವಾದಂತೆ ಆಗ್ನೇಯದ ಗಾಳಿ ಕುಗ್ಗಿ ಈಶಾನ್ಯಕ್ಕೆ, ಉತ್ತರಕ್ಕೆ, ಆಮೇಲೆ ಪಶ್ಚಿಮಕ್ಕೆ ತಿರುಗುತ್ತದೆ. ಪಟ್ಟಿ ದಾಟಿ ಹೋದ ಮೇಲೆ ದಕ್ಷಿಣದಿಂದ ಬೀಸಿ ಮತ್ತೆ ಆಗ್ನೇಯಕ್ಕೇ ಮರಳುತ್ತದೆ. ಉತ್ತರದ ಗಾಳಿಯಾಗಲಿ ದಕ್ಷಿಣದ್ದಾಗಲಿ ಮೂಡಣಕ್ಕೆ ಹೊರಟ ದೋಣಿಗೆ ಪಕ್ಕದ ಗಾಳಿ. 75 ಡಿಗ್ರಿಯ ದೋಣಿಗೆ ಅಷ್ಟು ಧಾರಾಳವಾಗಿ ಸಾಕು. ಇಂಥ ಅವಕಾಶಗಳನ್ನು ಬಳಸಿಕೊಂಡು ಹೋಕೂಲೇಅ ಐಟುಟಾಕಿ, ರಾರೊಟೊಂಗಾಗಳಲ್ಲಿ ತಂಗುತ್ತ ತಹೀತಿ ಸೇರಿತು.

ಎದುರುಗಾಳಿಗೆ ಇನ್ನೊಂದು ಮುಖವನ್ನು ತೋರಿಸಿಕೊಟ್ಟವರು ನ್ಯೂಜಿಲೆಂಡಿನ ಪುರಾತತ್ತ್ವಜ್ಞ ಜೆಫ್ರಿ ಇರ್ವಿನ್. ಕಾಣದ ನೆಲವನ್ನು ಹುಡುಕಿ ಗಾಳಿ ಬರುವ ಕಡೆಗೆ ಹೋದವರಿಗೆ ಏನೂ ಸಿಗದಿದ್ದರೆ, ಎಂದಿನ ಗಾಳಿ ಮರಳಿ ಬೀಸಿದೊಡನೆ ಅದೇ ಅವರನ್ನು ಮನೆಗೆ ತಲುಪಿಸುತ್ತದೆ. ಗಾಳಿಯ ಜೊತೆ ಹೋದವರಿಗೆ ಆ ಭರವಸೆ ಇಲ್ಲ. ದ್ವೀಪಗಳಲ್ಲಿ ಜನ ನೆಲೆಸಿದ ಕ್ರಮವೂ ಇದಕ್ಕೆ ಹೊಂದುತ್ತದೆ ಎಂಬುದು ಅವರ ವಾದ: ಮೊದಲು ಗಾಳಿಗೆದುರಾಗಿರುವ ಮೂಡಣದ ದ್ವೀಪಗಳು, ಆಮೇಲೆ ಗಾಳಿಗೆ ಅಡ್ಡಲಾಗಿ ದಾಟಬೇಕಾದ ಹವಾಯಿ, ಕೊನೆಗೆ, ಸುಮಾರು 13ನೇ ಶತಮಾನದಲ್ಲಿ, ಮರಳುವ ದಾರಿ ಕಷ್ಟವಾದ ನ್ಯೂಜಿಲೆಂಡ್.