ಕಣ್ಣು ಮುಚ್ಚಿದರೆ ಕತ್ತಲೆ

ಕಣ್ಣು ಮುಚ್ಚಿ ನಿಮ್ಮ ತಾಯಿಯ ಮುಖವನ್ನು ನೆನೆದುಕೊಳ್ಳಿರೆಂದರೆ, ನಿಮ್ಮಲ್ಲಿ ಬಹುಮಂದಿಗೆ ಮಸುಕಾಗಿಯಾದರೂ ಒಂದು ಮುಖ ಮೂಡೀತು. ನನಗೆ ಏನೂ ಮೂಡುವುದಿಲ್ಲ. ಕಮಲಾಪುರದಲ್ಲಿ ಹುಟ್ಟಿ, ಕಲಬುರಗಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಾವ್ಯದ ಪಾಠ ಹೇಳಿದವನು ನಾನು. ಅಷ್ಟಾದಶ ವರ್ಣನೆಗಳನ್ನು ವಿವರಿಸುವಾಗ 'ಕಣ್ಣಿಗೆ ಕಟ್ಟುವಂತಿದೆ' ಎಂದು ಅದೆಷ್ಟು ಸಲ ನುಡಿದೆನೋ! ಅದು ಬರಿಯ ಅಲಂಕಾರದ ಮಾತೆಂದೇ ನಂಬಿದ್ದೆ. ಉಳಿದವರಿಗೆ ನಿಜವಾಗಿಯೂ ಏನೋ ಕಾಣುತ್ತದೆಂದು ತಿಳಿದದ್ದು ನಿವೃತ್ತನಾದ ಮೇಲೆ.

ಈ ಸ್ಥಿತಿಗೆ 'ಅಫಾಂಟೇಸಿಯ' ಎಂದು ಹೆಸರು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದಲ್ಲಿದ್ದ ನರವಿಜ್ಞಾನಿ ಆಡಮ್ ಜೆಮನ್ ಸಂಗಡಿಗರೊಡನೆ 2015ರಲ್ಲಿ ಇಟ್ಟ ಹೆಸರಿದು. 'ಫಾಂಟೇಸಿಯ' ಎಂಬುದು ಮನಸ್ಸು ಬಿಂಬಗಳನ್ನು ತಂದುಕೊಳ್ಳುವ ಶಕ್ತಿಗೆ ಅರಿಸ್ಟಾಟಲ್ ಬಳಸಿದ ಗ್ರೀಕ್ ಪದ. ಮೊದಲಿನ 'ಅ' ಸಂಸ್ಕೃತದಲ್ಲಿರುವಂತೆಯೇ ಅಭಾವಸೂಚಕ. ಹೆಸರು ಹೊಸದು, ಸಂಗತಿ ಹಳೆಯದು. 1880ರಲ್ಲಿಯೇ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸ, ಅಂದಿನ ಬೆಳಗಿನ ಉಪಾಹಾರದ ಮೇಜನ್ನು ಮನಸ್ಸಿಗೆ ತಂದುಕೊಳ್ಳಿರೆಂದು ಹಲವರನ್ನು ಕೇಳಿದ. ತಮಗೆ ಏನೂ ಕಾಣದೆಂದು ಉತ್ತರಿಸಿದವರಲ್ಲಿ ವಿಜ್ಞಾನಿಗಳೂ ಇದ್ದರು. ಮನೋಬಿಂಬವೆಂಬುದು ಮಾತಿನ ಒಂದು ರೂಢಿಯೆಂದೇ ಅವರೂ ನನ್ನಂತೆ ತಿಳಿದಿದ್ದರು. ನೂರಕ್ಕೆ ಒಬ್ಬರಿಂದ ನಾಲ್ವರವರೆಗೆ ಇಂಥವರಿರಬಹುದೆಂದು ಈಗಿನ ಅಂದಾಜು.

ಇದು ಮರೆವಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ, ನೆಲವೆಲ್ಲ ಗುಮ್ಮಟಗಳ ನೆರಳಿನಲ್ಲಿದೆ ಎಂಬುದನ್ನು ನಾನು ಬಲ್ಲೆ. ಕಮಲಾಪುರದ ಬಾಳೆಹಣ್ಣಿನ ಸಿಪ್ಪೆ ಕೆಂಪೆಂದೂ ಬಲ್ಲೆ. ಎದುರಿಗೆ ಬಂದರೆ ತಕ್ಷಣ ಗುರುತಿಸಬಲ್ಲೆ. ಅರಿವಿದೆ, ಬಿಂಬವಿಲ್ಲ. ವಿಚಿತ್ರವೆಂದರೆ, ಇಂಥವರಲ್ಲಿ ಅನೇಕರಿಗೆ ಕನಸುಗಳು ಕಾಣುತ್ತವೆ. ಬೇಕೆಂದು ಕರೆದರೆ ಬಾರದ ಚಿತ್ರ ನಿದ್ದೆಯಲ್ಲಿ ತಾನಾಗಿ ಬರುತ್ತದೆ.

ಅವ್ವ ತೀರಿಕೊಂಡ ಮೇಲೆ ಆಕೆಯ ಮುಖ ಮನಸ್ಸಿಗೆ ಬಾರದಿದ್ದುದಕ್ಕೆ, ನನ್ನಲ್ಲಿ ಅಕ್ಕರೆಯೇ ಇಲ್ಲವೇನೋ ಎಂದು ವರ್ಷಗಟ್ಟಲೆ ಕೊರಗಿದೆ. ಯಾರೊಡನೆಯೂ ಹೇಳಿಕೊಳ್ಳಲಿಲ್ಲ. ಈಗ ಆ ಅಳುಕು ಹೋಗಿದೆ. ಕಳೆದ ಸಲ ಕಮಲಾಪುರದ ಮನೆಯಲ್ಲಿ, ಗೋಡೆಯ ಮೇಲಿನ ಆಕೆಯ ಭಾವಚಿತ್ರದ ಎದುರು ನಿಂತು ಕಣ್ಣು ಮುಚ್ಚಿದೆ. ಎಂದಿನ ಕತ್ತಲೆಯೇ. ಆದರೂ ಗಂಟಲು ಬಿಗಿಯಿತು.

ಕಾವ್ಯವೂ ನನಗೆ ಹೀಗೆಯೇ ಒಲಿಯಿತು: ನುಡಿಯ ನಡಿಗೆಯಾಗಿ, ಭಾವದ ಒತ್ತಡವಾಗಿ. ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ಬಿನ್ನಹ. ಪದ್ಯ ಓದಿಸಿ 'ಏನು ಕಂಡಿತು?' ಎಂದು ಕೇಳಿದಾಗ ಸುಮ್ಮನಿರುವ ಹುಡುಗನನ್ನು ಅರಸಿಕನೆಂದು ಕೂಡಿಸಿಬಿಡಬೇಡಿ. 'ಏನನ್ನಿಸಿತು?' ಎಂದು ಇನ್ನೊಮ್ಮೆ ಕೇಳಿ.