ಎಣಿಸುವ ಯಂತ್ರ, ಬೆಳೆಯುವ ಹೂವು

ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೊರಟ ರೈಲುಗಾಡಿ ಮಂತ್ರಾಲಯದ ನಿಲ್ದಾಣ ಬರುವ ಮುನ್ನ ತುಂಗಭದ್ರೆಯನ್ನು ದಾಟುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ತುಂಗಭದ್ರೆಗೆ ರೈಲ್ವೆ ಸೇತುವೆ ಕಟ್ಟಿ ಹೆಸರು ಪಡೆದವರಲ್ಲಿ ಎಡ್ವರ್ಡ್ ವಾಲರ್ ಸ್ಟೋನಿ ಎಂಬ ಇಂಜಿನಿಯರನೊಬ್ಬ. ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರನ ಪದವಿಗೇರಿದ ಈತ ಸದ್ದು ಮಾಡದ ಪಂಖಾ ಗಾಲಿಯೊಂದನ್ನು ಕಂಡುಹಿಡಿದು ಪೇಟೆಂಟು ಮಾಡಿಸಿದ್ದನಂತೆ. ೧೯೦೮ರಲ್ಲಿ ಆ ಮದರಾಸು ರೈಲ್ವೆಯೂ, ಒಂದು ಕಾಲಕ್ಕೆ ನಮ್ಮ ಧಾರವಾಡದಲ್ಲಿಯೇ ಕೇಂದ್ರ ಕಚೇರಿ ಹೊಂದಿದ್ದ ಸದರ್ನ್ ಮರಾಠಾ ರೈಲ್ವೆಯೂ ಕೂಡಿಕೊಂಡವು. ಹುಬ್ಬಳ್ಳಿಯ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದ 'ಎಂ. ಎಸ್. ಎಂ.' ಎಂಬ ಹೆಸರು ಹುಟ್ಟಿದ್ದು ಹೀಗೆ.

ಸ್ಟೋನಿಯ ಮಗಳು ಎಥೆಲ್ ಸಾರಾ ೧೮೮೧ರಲ್ಲಿ ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ ಹುಟ್ಟಿದಳು. ಅವಳನ್ನು ಮದುವೆಯಾದ ಜೂಲಿಯಸ್ ಟ್ಯೂರಿಂಗ್ ಐ. ಸಿ. ಎಸ್. ಅಧಿಕಾರಿ, ೧೮೯೬ರಲ್ಲಿ ಮದರಾಸು ಪ್ರಾಂತಕ್ಕೆ ಬಂದು ಬಳ್ಳಾರಿ, ಕರ್ನೂಲು ಮುಂತಾದ ಜಿಲ್ಲೆಗಳಲ್ಲಿ ಕೆಲಸ ಮಾಡಿದವನು. ಈ ದಂಪತಿಗಳ ಎರಡನೆಯ ಮಗ ಅಲನ್ ಮ್ಯಾಥಿಸನ್ ಟ್ಯೂರಿಂಗ್, ೧೯೧೨ರ ಜೂನ್ ೨೩ರಂದು ಲಂಡನ್ನಿನಲ್ಲಿ ಹುಟ್ಟಿದ. ತಂದೆತಾಯಿಗಳು ಮಗುವನ್ನು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬಿಟ್ಟು ಮತ್ತೆ ಇತ್ತ ಬಂದರು. ಹೀಗಾಗಿ ಅಜ್ಜ ಸೇತುವೆ ಕಟ್ಟಿದ, ಅಪ್ಪ ಅಧಿಕಾರ ನಡೆಸಿದ ಈ ಸೀಮೆಯನ್ನು ಅಲನ್ ಕಾಣಲೇ ಇಲ್ಲ. ನಂಟು ತೆಳುವಾದದ್ದು, ಒಪ್ಪುತ್ತೇನೆ. ಆದರೂ ಆತನ ವಿಷಯ ಹೇಳುವಾಗ ಇಷ್ಟನ್ನು ನೆನೆಯದಿರಲು ಧಾರವಾಡದ ಈ ಗಣಿತದ ಮಾಸ್ತರನಿಗೆ ಮನಸ್ಸು ಬಾರದು.

ಟ್ಯೂರಿಂಗನ ಮೊದಲ ದೊಡ್ಡ ಕೆಲಸ ೧೯೩೬ರದು. ಆಗ ಆತನಿಗೆ ಇಪ್ಪತ್ತನಾಲ್ಕು ವರ್ಷ. ಯಾವುದೇ ಗಣಿತವಾಕ್ಯವನ್ನು ಕೊಟ್ಟರೂ ಅದು ಸಿದ್ಧವಾಗುತ್ತದೆಯೋ ಇಲ್ಲವೋ ಎಂಬುದನ್ನು ಯಾಂತ್ರಿಕವಾಗಿ ತೀರ್ಮಾನಿಸುವ ಒಂದು ವಿಧಾನವುಂಟೆ ಎಂದು ಜರ್ಮನಿಯ ಹಿಲ್ಬರ್ಟ್ ೧೯೨೮ರಲ್ಲಿ ಕೇಳಿದ್ದ. ಇದಕ್ಕೆ ಉತ್ತರ ಹೇಳಬೇಕಾದರೆ 'ಯಾಂತ್ರಿಕವಾಗಿ' ಎಂದರೇನು ಎಂಬುದು ಮೊದಲು ಸ್ಪಷ್ಟವಾಗಬೇಕು. ಟ್ಯೂರಿಂಗ್ ಕಣ್ಣಮುಂದೆ ತಂದುಕೊಂಡದ್ದು ಲೆಕ್ಕ ಮಾಡುವ ಒಬ್ಬ ಗುಮಾಸ್ತನನ್ನು. ಆ ಕಾಲದ ಇಂಗ್ಲಿಷಿನಲ್ಲಿ 'ಕಂಪ್ಯೂಟರ್' ಎಂದರೆ ಮನುಷ್ಯನೇ.

ನಾವು ನಮ್ಮ ಹಳ್ಳಿಯ ಕುಲಕರ್ಣಿಯನ್ನೇ ತಂದುಕೊಳ್ಳೋಣ. ಅವನ ಮುಂದೆ ಒಂದು ಕಡತವಿದೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಲಿನ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕವದು. ಬಳಪದಿಂದ ಬರೆಯಬೇಕು, ಬೇಡವಾದರೆ ಒರೆಸಿ ಮತ್ತೆ ಬರೆಯಬೇಕು. ಈ ಕಡತ ಎಷ್ಟು ಬಿಡಿಸಿದರೂ ಮುಗಿಯದು ಎಂದುಕೊಳ್ಳಿ. ಅದರಲ್ಲಿ ಒಂದೇ ಸಾಲು, ಸಾಲಿನ ತುಂಬ ಮನೆಗಳು. ಕುಲಕರ್ಣಿಗೆ ಒಂದು ಹೊತ್ತಿಗೆ ಒಂದೇ ಮನೆ ಕಾಣುತ್ತದೆ. ಅವನ ಕೈಯಲ್ಲಿರುವ ನಿಯಮಗಳು ಅತಿ ಸರಳ: ಗೀಟು ಕಂಡರೆ ಹೀಗೆ ಮಾಡು, ಬರಿದು ಕಂಡರೆ ಹಾಗೆ ಮಾಡು, ಆಮೇಲೆ ಬಲಕ್ಕೋ ಎಡಕ್ಕೋ ಒಂದು ಮನೆ ಸರಿ.

ಮೂರಕ್ಕೆ ನಾಲ್ಕನ್ನು ಕೂಡಿಸಬೇಕಾಗಿದೆಯೆನ್ನಿ. ಮೂರು ಗೀಟು, ಒಂದು ಬರಿಯ ಮನೆ, ಮತ್ತೆ ನಾಲ್ಕು ಗೀಟು. ಕುಲಕರ್ಣಿ ಎಡತುದಿಯಿಂದ ಬಲಕ್ಕೆ ಸರಿಯುತ್ತಾನೆ. ಮೊದಲ ಬರಿಯ ಮನೆ ಸಿಕ್ಕಾಗ ಅಲ್ಲೊಂದು ಗೀಟು ಹಾಕುತ್ತಾನೆ. ಮುಂದೆ ನಡೆದು ಎರಡನೆಯ ಬರಿಯ ಮನೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದು ಅಲ್ಲಿರುವ ಗೀಟನ್ನು ಒರೆಸಿ ನಿಲ್ಲುತ್ತಾನೆ. ಕಡತದಲ್ಲಿ ಒಂದೇ ಸಾಲಾಗಿ ಏಳು ಗೀಟು ಉಳಿಯುತ್ತವೆ. ಕೂಡಿಸುವುದೆಂದರೇನೆಂದು ಅವನಿಗೆ ತಿಳಿದಿರಬೇಕಾಗಿಲ್ಲ. ಮನುಷ್ಯ ಕಾಗದದ ಮೇಲೆ ನಿಯಮ ಹಿಡಿದು ಮಾಡಬಲ್ಲ ಯಾವ ಲೆಕ್ಕವನ್ನಾದರೂ ಇಂಥ ಚಿಕ್ಕ ಹೆಜ್ಜೆಗಳಾಗಿ ಒಡೆಯಬಹುದೆಂದು ಟ್ಯೂರಿಂಗ್ ತೋರಿಸಿದ. ಅದಕ್ಕಿಂತ ಮುಖ್ಯವಾದದ್ದು ಮುಂದಿನ ಮಾತು. ಆ ನಿಯಮಗಳನ್ನೇ ಗೀಟುಗಳಾಗಿ ಕಡತದ ಮೇಲೆ ಬರೆಯಬಹುದು. ಹಾಗಾದರೆ ಕೆಲಸಕ್ಕೊಬ್ಬ ಕುಲಕರ್ಣಿ ಬೇಕಿಲ್ಲ. ಬರೆದಿಟ್ಟ ಯಾವ ನಿಯಮವನ್ನಾದರೂ ಓದಿ ಅದರಂತೆ ನಡೆಯುವ ಒಬ್ಬನೇ ಸಾಕು. ಇಂದು ನಮ್ಮ ಅಂಗಿಯ ಕಿಸೆಯಲ್ಲಿರುವ ಫೋನು ಈ ಒಬ್ಬನೇ ಕುಲಕರ್ಣಿ.

ಇನ್ನು ಹಿಲ್ಬರ್ಟನ ಪ್ರಶ್ನೆ. ಒಂದು ಸಂಖ್ಯೆಯನ್ನು ಹಿಡಿಯಿರಿ. ಸಮವಾದರೆ ಅರ್ಧ ಮಾಡಿ, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. ಒಂದು ಬರುವವರೆಗೆ ಇದನ್ನೇ ಮಾಡುತ್ತ ಹೋಗಿ. ೨೭ರಿಂದ ಹೊರಟರೆ ೯೨೩೨ರವರೆಗೆ ಏರಿ, ೧೧೧ ಹೆಜ್ಜೆಗಳ ಮೇಲೆ ಒಂದಕ್ಕೆ ಇಳಿಯುತ್ತದೆ. ಎಲ್ಲ ಸಂಖ್ಯೆಗಳೂ ಹೀಗೆ ಇಳಿದೇ ಇಳಿಯುತ್ತವೆಯೆಂದು ಇದುವರೆಗೆ ಯಾರೂ ಸಾಧಿಸಿಲ್ಲ. ಒಂದು ಲೆಕ್ಕ ನಿಲ್ಲುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳಬಲ್ಲ ಪಂಚನೊಬ್ಬ ಇದ್ದಿದ್ದರೆ! ಇದ್ದಾನೆಂದೇ ತಿಳಿಯೋಣ. ಆಗ ನಾನು ಒಬ್ಬ ಹಟಮಾರಿ ಕುಲಕರ್ಣಿಯನ್ನು ನೇಮಿಸುತ್ತೇನೆ. ಅವನು ತನ್ನ ನಿಯಮಗಳನ್ನೇ ಪಂಚನ ಮುಂದಿಟ್ಟು, 'ನಾನು ನಿಲ್ಲುವೆನೆ?' ಎಂದು ಕೇಳುತ್ತಾನೆ. ನಿಲ್ಲುವೆ ಎಂದರೆ ಕೊನೆಯಿಲ್ಲದೆ ನಡೆಯುತ್ತಾನೆ. ನಿಲ್ಲಲಾರೆ ಎಂದರೆ ಅಲ್ಲಿಯೇ ನಿಲ್ಲುತ್ತಾನೆ. ಪಂಚ ಏನು ಹೇಳಿದರೂ ಸುಳ್ಳೇ. ಆದ್ದರಿಂದ ಅಂಥ ಪಂಚ ಇರಲಾರ, ಹಿಲ್ಬರ್ಟ್ ಬಯಸಿದ ವಿಧಾನವೂ ಇರಲಾರದು. ಟ್ಯೂರಿಂಗ್ ಇದನ್ನು ಹೇಳಿದ ರೂಪ ತುಸು ಬೇರೆ. ಅದೇ ವರ್ಷ ಅಮೆರಿಕೆಯ ಚರ್ಚ್ ಬೇರೆ ದಾರಿಯಿಂದ ಇದೇ ಉತ್ತರಕ್ಕೆ ಬಂದಿದ್ದ. ಆದರೆ ಚರ್ಚನ ದಾರಿಯಲ್ಲಿ ಯಂತ್ರವಿರಲಿಲ್ಲ.

ಯುದ್ಧಕಾಲದಲ್ಲಿ ಜರ್ಮನರ ಎನಿಗ್ಮಾ ಸಂಕೇತವನ್ನು ಒಡೆದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ತಳಹದಿ ಹಾಕಿದವರು ೧೯೩೨ರಿಂದಲೂ ದುಡಿದ ಪೋಲೆಂಡಿನ ಗಣಿತಜ್ಞರು ಎಂಬುದನ್ನು ಮಾತ್ರ ಸೇರಿಸಿ ಮುಂದೆ ಹೋಗುತ್ತೇನೆ. ಯುದ್ಧಾನಂತರ ಆತ ಗಣಕಯಂತ್ರದ ಒಂದು ವಿವರವಾದ ನಕ್ಷೆ ಸಿದ್ಧಪಡಿಸಿದ. ೧೯೪೮ರಲ್ಲಿ ಮ್ಯಾಂಚೆಸ್ಟರಿಗೆ ಹೋದ. ಯಂತ್ರ ಯೋಚಿಸಬಲ್ಲುದೆ ಎಂಬ ಪ್ರಸಿದ್ಧ ಲೇಖನವನ್ನು ೧೯೫೦ರಲ್ಲಿ ಬರೆದ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ೧೯೫೨ರ ಲೇಖನ. ಗರ್ಭದಲ್ಲಿನ ಜೀವಕೋಶಗಳ ಮುದ್ದೆ ಎಲ್ಲೆಡೆಯೂ ಒಂದೇ ಬಗೆಯಾಗಿರುತ್ತದೆ; ಅದರಿಂದ ಚುಕ್ಕೆ, ಪಟ್ಟೆ, ಬೆರಳು ಹೇಗೆ ಮೂಡುತ್ತವೆ? ನೀರಿಗೆ ಹಾಕಿದ ಮಸಿ ಹರಡಿ ಎಲ್ಲೆಡೆ ಸಮನಾಗುತ್ತದೆ, ಅಲ್ಲವೆ? ಹರಡುವಿಕೆ ಭೇದವನ್ನು ಅಳಿಸಬೇಕು. ಆದರೆ ಪರಸ್ಪರ ಪ್ರತಿಕ್ರಿಯಿಸುವ ಎರಡು ದ್ರವ್ಯಗಳು ಬೇರೆ ಬೇರೆ ವೇಗದಲ್ಲಿ ಹರಡಿದರೆ ಅದೇ ಹರಡುವಿಕೆ ಭೇದವನ್ನು ಹುಟ್ಟಿಸಬಲ್ಲುದೆಂದು ಟ್ಯೂರಿಂಗ್ ಗಣಿತದಿಂದ ತೋರಿಸಿದ.

ರೇಡಿಯೋದಲ್ಲಿ ಚಿತ್ರ ಬರೆದು ತೋರಿಸುವಂತಿಲ್ಲವಾದ್ದರಿಂದ ಒಂದು ಉಪಮೆ. ಸಂತೆಯಲ್ಲಿ ಎಲ್ಲೋ ಒಂದು ವದಂತಿ ಹುಟ್ಟುತ್ತದೆ. ಅದು ಬಾಯಿಂದ ಬಾಯಿಗೆ ನಿಧಾನವಾಗಿ ಸಾಗುತ್ತ, ಇದ್ದಲ್ಲಿಯೇ ಬಲಿಯುತ್ತದೆ. ವದಂತಿ ಬಲಿತಂತೆ ಅದನ್ನು ಅಲ್ಲಗಳೆಯುವ ಡಂಗುರದವರೂ ಅಲ್ಲಿಂದಲೇ ಹೊರಡುತ್ತಾರೆ, ಇವರು ಓಡುತ್ತಾರೆ. ಹುಟ್ಟಿದ ಜಾಗದಲ್ಲಿ ವದಂತಿಯೇ ಮೇಲು. ಸುತ್ತಲಿನ ಓಣಿಗಳಲ್ಲಿ ಡಂಗುರ ಮೊದಲೇ ತಲುಪಿರುವುದರಿಂದ ಅದು ಬೇರೂರದು. ಡಂಗುರದ ಸದ್ದು ಕ್ಷೀಣಿಸುವಷ್ಟು ದೂರದಲ್ಲಿ ಇನ್ನೊಂದು ವದಂತಿ ಏಳಬಹುದು. ಮೇಲಿನಿಂದ ನೋಡಿದರೆ ಊರಿನ ತುಂಬ ಹೆಚ್ಚು ಕಡಿಮೆ ಸಮಾನ ಅಂತರದಲ್ಲಿ ಚುಕ್ಕೆಗಳು!

ಈ ವಿಚಾರ ಬಹುಕಾಲ ಮೂಲೆಯಲ್ಲಿತ್ತು. ಬ್ರಸೆಲ್ಸಿನ ಪ್ರಿಗೋಝಿನ್ ಮತ್ತು ಸಂಗಡಿಗರು ಭೌತ-ರಸಾಯನದ ಕಡೆಯಿಂದ ಇದನ್ನು ಎತ್ತಿಕೊಂಡರು. ೧೯೯೦ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ರಾಸಾಯನಿಕ ಪ್ರಯೋಗವೊಂದರಲ್ಲಿ ಅಂಥ ಚುಕ್ಕೆಗಳು ಕಣ್ಣಿಗೆ ಕಂಡವು. ೧೯೯೫ರಲ್ಲಿ ಜಪಾನಿನ ಕೊಂಡೊ ಮತ್ತು ಅಸಾಯಿ ಸಮುದ್ರದ ಮೀನೊಂದರ ಪಟ್ಟೆಗಳು ಸಮೀಕರಣ ಹೇಳಿದಂತೆಯೇ ಸರಿಯುವುದನ್ನು ಕಂಡರು. ೨೦೧೨ರಲ್ಲಿ ಇಲಿಯ ಬೆರಳುಗಳ ಅಂತರಕ್ಕೂ ಇದೇ ವಿವರಣೆ ಹೊಂದಿತು. ಎಲ್ಲ ಪ್ರಾಣಿಗಳ ಎಲ್ಲ ಚುಕ್ಕೆಗಳೂ ಹೀಗೆಯೇ ಎಂದು ಹೇಳಲಾಗದು. ಭೌತವಿಜ್ಞಾನದಲ್ಲಿ ಆತನ ಇನ್ನೊಂದು ಕಿಡಿಯುಂಟು. ಒಂದು ಕ್ವಾಂಟಂ ವ್ಯವಸ್ಥೆಯನ್ನು ಮೇಲಿಂದ ಮೇಲೆ ವೀಕ್ಷಿಸುತ್ತಿದ್ದರೆ ಅದು ಬದಲಾಗದೆ ನಿಂತುಬಿಡುತ್ತದೆ ಎಂದು ಟ್ಯೂರಿಂಗ್ ಗಮನಿಸಿದ್ದ. ೧೯೭೭ರಲ್ಲಿ ಇದನ್ನು ಮತ್ತೆ ವಿಸ್ತಾರವಾಗಿ ಮಂಡಿಸಿ ಝೀನೋನ ಹೆಸರಿಟ್ಟವರು ನಮ್ಮ ದೇಶದವರೇ ಆದ ಮಿಶ್ರ ಮತ್ತು ಸುದರ್ಶನ್.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಈ ಪಾಠವನ್ನು ನಾನು ಅನೇಕ ವರ್ಷ ಮಾಡಿದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, 'ಸರ್, ಇಷ್ಟ ಸಣ್ಣ ವಯಸ್ಸಿನ್ಯಾಗ ಅವರು ಹ್ಯಾಂಗ ತೀರಿಕೊಂಡ್ರು?' ಎಂದು ಕೇಳಿದ. 'ಅಪಘಾತ' ಎಂದು ಹೇಳಿ ಹಲಗೆಯತ್ತ ತಿರುಗಿದೆ. ನನಗೆ ಗೊತ್ತಿತ್ತು. ೧೯೫೨ರಲ್ಲಿ, ಆ ಲೇಖನ ಪ್ರಕಟವಾದ ವರ್ಷವೇ, ಇನ್ನೊಬ್ಬ ಗಂಡಸಿನೊಡನೆ ಸಂಬಂಧವಿತ್ತೆಂಬ ಅಪರಾಧಕ್ಕೆ ಟ್ಯೂರಿಂಗನಿಗೆ ಶಿಕ್ಷೆಯಾಯಿತು. ಸೆರೆಮನೆಯ ಬದಲು ಹಾರ್ಮೋನಿನ ಚಿಕಿತ್ಸೆಗೆ ಒಪ್ಪಬೇಕಾಯಿತು. ೧೯೫೪ರ ಜೂನ್ ೭ರಂದು ಸಯನೈಡಿನಿಂದ ಸತ್ತ. ಆತ್ಮಹತ್ಯೆಯೆಂದು ವಿಚಾರಣೆ ತೀರ್ಮಾನಿಸಿತು, ತಾಯಿ ಮಾತ್ರ ಅಪಘಾತವೆಂದೇ ನಂಬಿದಳು. ತಾಯಿಯ ನಂಬಿಕೆಯನ್ನು ನಾನು ನೆಪವಾಗಿ ಬಳಸಿಕೊಂಡೆ. ಬ್ರಿಟಿಷ್ ಸರಕಾರ ೨೦೦೯ರಲ್ಲಿ ಕ್ಷಮೆ ಕೇಳಿತು, ೨೦೧೩ರಲ್ಲಿ ರಾಣಿಯ ಕ್ಷಮಾದಾನ ಬಂದಿತು. ಬ್ರಿಟಿಷರು ೧೮೬೦ರ ದಂಡಸಂಹಿತೆಯಲ್ಲಿ ಇಲ್ಲಿಯೂ ಅಂಥದೇ ಒಂದು ಕಲಮನ್ನು ಇಟ್ಟಿದ್ದರು. ಜೂಲಿಯಸ್ ಟ್ಯೂರಿಂಗ್ ಅಧಿಕಾರಿಯಾಗಿದ್ದ ಕಾಲದಲ್ಲಿ ಈ ನಾಡಿನಲ್ಲಿ ನಡೆಯುತ್ತಿದ್ದದ್ದು ಅದೇ ಸಂಹಿತೆ. ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ೨೦೧೮ರ ಸೆಪ್ಟೆಂಬರಿನಲ್ಲಿ. ಆ ಹುಡುಗ ಯಾಕೆ ಕೇಳಿದನೆಂದು ಆ ದಿನ ನಾನು ಯೋಚಿಸಲಿಲ್ಲ. ಆತ ಎಲ್ಲಿಯೋ ಇದನ್ನು ಓದುತ್ತಿದ್ದರೆ, ಉತ್ತರ ಇದು.

ಟ್ಯೂರಿಂಗ್ ಸತ್ತಾಗ ಮೇಜಿನ ಮೇಲೆ ಅರ್ಧಕ್ಕೆ ನಿಂತ ಕೆಲಸವೊಂದಿತ್ತು. ಸೂರ್ಯಕಾಂತಿಯ ತಟ್ಟೆಯಲ್ಲಿ ಕಾಳುಗಳು ಎರಡು ದಿಕ್ಕಿಗೆ ಸುರುಳಿ ಸುತ್ತುತ್ತವೆ. ಎಣಿಸಿದರೆ ಸಾಮಾನ್ಯವಾಗಿ ೩೪ ಮತ್ತು ೫೫, ಇಲ್ಲವೆ ೫೫ ಮತ್ತು ೮೯. ಒಂದು, ಎರಡು, ಮೂರು, ಐದು, ಎಂಟು ಎಂದು ಹಿಂದಿನೆರಡನ್ನು ಕೂಡಿಸುತ್ತ ಹೋದಾಗ ಬರುವ ಸಂಖ್ಯೆಗಳಿವು. ಛಂದಸ್ಸು ಕಲಿತವರಿಗೆ ಇವು ಹಳೆಯ ಗೆಳೆಯರು: ಲಘುಗುರುಗಳಿಂದ ಮೂರು ಮಾತ್ರೆಯ ಗಣ ಮೂರು ಬಗೆ, ನಾಲ್ಕರದು ಐದು, ಐದರದು ಎಂಟು. ಹನ್ನೆರಡನೆಯ ಶತಮಾನದ ಹೇಮಚಂದ್ರ ಇದನ್ನು ಹೇಳಿದ್ದಾನೆ. ಹೂವಿಗೆ ಈ ಲೆಕ್ಕ ಹೇಗೆ ಬಂತೆಂದು ಟ್ಯೂರಿಂಗ್ ಮ್ಯಾಂಚೆಸ್ಟರಿನ ಗಣಕದ ಮೇಲೆ ಹುಡುಕುತ್ತಿದ್ದ. ೧೯೨೩ರಲ್ಲಿ ತಾಯಿ ಬರೆದ ಒಂದು ರೇಖಾಚಿತ್ರವಿದೆ. ಉಳಿದ ಹುಡುಗರು ಹಾಕಿ ಆಡುತ್ತಿರುವಾಗ ಅಲನ್ ಬಗ್ಗಿ ಡೈಸಿ ಹೂಗಳನ್ನು ನೋಡುತ್ತ ನಿಂತಿದ್ದಾನೆ. ಆತನ ಜನ್ಮಶತಾಬ್ದಿಯ ವರ್ಷ ೨೦೧೨ರಲ್ಲಿ ಜನಸಾಮಾನ್ಯರು ಬೆಳೆಸಿದ ಸೂರ್ಯಕಾಂತಿಗಳನ್ನು ಎಣಿಸುವ ಕೆಲಸ ನಡೆಯಿತು. ೨೦೧೬ರಲ್ಲಿ ೬೫೭ ಹೂಗಳ ಲೆಕ್ಕ ಪ್ರಕಟವಾಯಿತು. ಹೆಚ್ಚಿನವು ಈ ಸಂಖ್ಯೆಗಳನ್ನು ಪಾಲಿಸಿದ್ದವು, ಕೆಲವು ಪಾಲಿಸಿರಲಿಲ್ಲ.

ಕಳೆದ ಹಂಗಾಮಿನಲ್ಲಿ ಗದಗಿನ ದಾರಿಯ ಒಂದು ಎರೆಹೊಲದಲ್ಲಿ ಇಳಿದು ನಾನೂ ಒಂದು ತಟ್ಟೆಯನ್ನು ಎಣಿಸತೊಡಗಿದೆ. ಒಂದು ದಿಕ್ಕಿಗೆ ೩೪ ಬಂದಿತು. ಇನ್ನೊಂದು ದಿಕ್ಕಿಗೆ ನಲವತ್ತು ದಾಟಿರಬೇಕು, ಹೊಲದ ಯಜಮಾನ ಬಂದು, 'ಏನ್ರೀ ಮಾಸ್ತರ, ಕಾಳು ಎಣಸಾಕತ್ತೀರೇನು?' ಎಂದ. ಎಣಿಕೆ ತಪ್ಪಿತು. ಅವನಿಗೂ ಒಂದು ಬೆರಳು ಇಟ್ಟು ಹಿಡಿಯಲು ಹೇಳಿ ಮತ್ತೆ ಮೊದಲಿನಿಂದ ಸುರು ಮಾಡಿದೆವು.